ಫ್ಯೂಸ್ ಹೋಗುತ್ತದೆಂದು ಅರ್ಥ್ ಲಿಂಕ್ ಬಿಚ್ಚಬಹುದೇ?

ಪ್ರಶ್ನೆ: ಶಹಾಬಾದ್ ಕಲ್ಲಿಗೆ ಪಾಲಿಶ್ ಹಾಕುವ ನಮ್ಮ ಘಟಕದ ಪ್ಯಾನಲ್‌ನಲ್ಲಿ 415/110 ವೋಲ್ಟ್, 250 ವಿಎ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಇದೆ. ಮಳೆಗಾಲದಲ್ಲಿ 110 ವೋಲ್ಟ್ ಕಡೆಯ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಎಲೆಕ್ಟ್ರಿಷಿಯನ್ ಸೆಕೆಂಡರಿಯ (110 ವೋಲ್ಟ್ ಕಡೆಯ) ಒಂದು ತುದಿಯನ್ನು ಅರ್ಥ್‌ಗೆ ಸೇರಿಸುವ ಅರ್ಥ್ ಲಿಂಕ್ ಬಿಚ್ಚಿದ ಮೇಲೆ ಅದು ನಿಂತಿತು. ಈಗ ಒಮ್ಮೊಮ್ಮೆ ಸ್ಟಾಪ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ಮೋಟಾರ್‌ಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರ್ ಬದಲಿಸಬೇಕೆ?
– ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಇದು ಸರಿಯಾಗುವವರೆಗೆ ಯಂತ್ರ ಓಡಿಸಬೇಡಿ. ಮೇನ್ ಆಫ್ ಮಾಡಿದಾಗ ಕಾಂಟ್ಯಾಕ್ಟರ್ ಬಿಟ್ಟುಕೊಂಡು, ಅದರ ಮುಖ್ಯ ಕಾಂಟ್ಯಾಕ್ಟ್‌ಗಳು ತೆರೆದಿದ್ದರೆ ದೋಷ ಅದರದಲ್ಲ, ವೈರಿಂಗಿನದು.

ಫ್ಯೂಸ್ ಹೋಗುತ್ತಿದ್ದುದು ಎಲ್ಲೋ ವೈರ್ ಅರ್ಥ್ ಆಗಿದ್ದರಿಂದ. ಲಿಂಕ್ ತೆಗೆದರೆ ಆ ದೋಷ ಹೋಗುವುದಿಲ್ಲ, ಕಾಣದಂತಾಗುತ್ತದೆ ಅಷ್ಟೆ. ಲಿಮಿಟ್ ಸ್ವಿಚ್‌ಗೆ ಕಲ್ಲಿನ ಕೆಸರುನೀರು ಇಳಿದು ಫೇಸ್ ವೈರ್ ಬಾಡಿಗೆ ತಗುಲಿತು ಎನ್ನಿ, ಏನೂ ಆಗುವುದಿಲ್ಲ. ಆಮೇಲೆ ಪೆಂಡೆಂಟ್‌ನಲ್ಲಿ (ತೂಗುಹಾಕಿದ ಬಟನ್ ಪೆಟ್ಟಿಗೆಯಲ್ಲಿ) ಕಾಂಟ್ಯಾಕ್ಟರ್ ಕಾಯಿಲ್‌ನ ಒಂದು ತುದಿಯಾದ ಎ1ಗೆ ಹೋಗುವ ವೈರೂ ಒದ್ದೆಯಾಗಿ ಅರ್ಥ್ ಆಯಿತು. ಈಗ ಕರೆಂಟ್ ಯಂತ್ರದ ಬಾಡಿಯ ಮೂಲಕವೇ ಕಾಯಿಲ್ ತಲುಪುತ್ತದೆ. ನಡುವಿನ ಸ್ಟಾಪ್, ಸ್ಟಾರ್ಟ್ ಎರಡೂ ಲೆಕ್ಕಕ್ಕಿಲ್ಲ. ಮೋಟಾರ್ ತಾನಾಗಿ ಶುರುವಾಗಲೂಬಹುದು. ಲಿಂಕ್ ಇದ್ದಿದ್ದರೆ ಮೊದಲ ದೋಷಕ್ಕೇ ಫ್ಯೂಸ್ ಹೋಗಿ ಕಾಯಿಲ್ ಬಿಡುತ್ತಿತ್ತು.

ಮೇನ್ ಆಫ್ ಮಾಡಿ, ಟೈಮರ್, ಪಿಎಲ್‌ಸಿಯಂಥ ಎಲೆಕ್ಟ್ರಾನಿಕ್ ಸಾಮಾನಿನ ವೈರ್ ಕಳಚಿ, 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ಹೊರಗೆ ಹೋಗುವ ಒಂದೊಂದು ವೈರನ್ನೂ ಬಿಚ್ಚಿ ಅರ್ಥ್‌ಗೆ ಅಳೆಯಿರಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದದ್ದನ್ನು ಬದಲಿಸಿ. ಪೆಂಡೆಂಟ್ ಕೇಬಲ್‌ನ ಗ್ಲ್ಯಾಂಡ್ ಮೊದಲು ನೋಡಿ, ನೀರು ಸಾಮಾನ್ಯವಾಗಿ ಅಲ್ಲಿಂದಲೇ ಇಳಿಯುತ್ತದೆ.

ನಂತರ ಲಿಂಕ್. ಯಾವ ತುದಿಗಾದರೂ ಹಾಕಿದರೆ ನಡೆಯದು. ಎಲ್ಲ ಕಾಯಿಲ್‌ಗಳ ಇನ್ನೊಂದು ತುದಿಯಾದ ಎ2 ಸೇರುವ ಸೆಕೆಂಡರಿ ತುದಿಯನ್ನೇ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ, ಒಂದೇ ಕಡೆ, 2.5 ಚದರ ಮಿ.ಮೀ. ಹಸಿರು-ಹಳದಿ ತಾಮ್ರದ ವೈರ್‌ನಿಂದ ಅರ್ಥ್ ಬಾರ್‌ಗೆ ಸೇರಿಸಿ. ಈ ತುದಿಯಲ್ಲಿ ಫ್ಯೂಸ್ ಬೇಡ; ಇನ್ನೊಂದು ತುದಿಯಲ್ಲಿ 2 ಆಂಪಿಯರ್ ಫ್ಯೂಸ್ ಸಾಕು (250 ಭಾಗಿಸು 110 ಅಂದರೆ ಸುಮಾರು 2.3). ಹಳೆಯ ಪ್ಯಾನಲ್‌ಗಳಲ್ಲಿ, ಹೊರೆ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ 95-96 ಕಾಂಟ್ಯಾಕ್ಟ್ ಎ2 ಕಡೆ ಇರುವುದುಂಟು. ಅಲ್ಲಿ ಕಾಯಿಲ್ ಮತ್ತು ರಿಲೇ ನಡುವಿನ ವೈರ್ ಅರ್ಥ್ ಆದರೆ ಫ್ಯೂಸ್ ಹೋಗುವುದಿಲ್ಲ, ಓವರ್‌ಲೋಡ್ ಟ್ರಿಪ್ ಆದರೂ ಮೋಟಾರ್ ಓಡುತ್ತಲೇ ಇರುತ್ತದೆ. ಅದನ್ನು ಎ1 ಕಡೆಗೆ ತನ್ನಿ.

ಸಪ್ಲೈ ಕೊಟ್ಟಾಗ ಫೇಸ್ ತುದಿಯಿಂದ ಅರ್ಥ್‌ಗೆ 110, ಇನ್ನೊಂದರಿಂದ 0 ವೋಲ್ಟ್ ಬರಬೇಕು. ಎರಡರಲ್ಲೂ ಐವತ್ತರ ಆಸುಪಾಸು ತೋರಿಸಿದರೆ ಲಿಂಕ್ ಕೂತಿಲ್ಲ. ಲಿಂಕ್ ಇಲ್ಲದೆ ನಡೆಸುವ ಪದ್ಧತಿಯೂ ಇದೆ. ಆದರೆ ಅದಕ್ಕೆ ವೈರ್ ಅರ್ಥ್ ಆದರೆ ತಿಳಿಸುವ ಇನ್ಸುಲೇಶನ್ ಮಾನಿಟರ್ ಬೇಕು. ಪಾಲಿಶ್ ಯಂತ್ರಕ್ಕೆ ಆ ಖರ್ಚು ದಂಡ.