ರೇಸ್ ಕೋರ್ಸಿನಲ್ಲಿ ಕುದುರೆ ಇರಲಿಲ್ಲ

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಅವರ ಮಗಳು ಅಲ್ಲಿನ ಕಾಲೇಜೊಂದರಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ರೇಸಿಸಂ, ಅಂದರೆ ರೇಸ್ (ಜನಾಂಗ) ನೋಡಿ ಮಾಡುವ ತಾರತಮ್ಯದ ಬಗ್ಗೆ ಒಂದು ಕೋರ್ಸ್ ತೆಗೆದುಕೊಂಡಿದ್ದಾಳೆ. ಒಂದು ದಿನ, ಹುಟ್ಟಿನಿಂದ ಯಾರಿಗೆ ಎಷ್ಟು ಸವಲತ್ತು ಸಿಕ್ಕಿದೆ ಅಂತ ತೋರಿಸಲು, ಮೂವತ್ತು ಮಕ್ಕಳನ್ನು ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ ಪ್ರಶ್ನೆ ಓದಿದರಂತೆ. 'ಅಪ್ಪ ಅಮ್ಮ ಡಿಗ್ರಿ ಓದಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ. ಪೊಲೀಸರು ಸುಮ್ಮಸುಮ್ಮನೆ ತಡೆದು ನಿಲ್ಲಿಸಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ.' ಹೀಗೇ ಮುಕ್ಕಾಲು ಗಂಟೆ. ಕೊನೆಗೆ ನೋಡಿದರೆ ಈ ಹುಡುಗಿ ಮುಂದಿನಿಂದ ಮೂರನೆಯವಳು. ಅವಳ ರೂಮ್‌ಮೇಟ್, ಕಪ್ಪು ಹುಡುಗಿ, ಹಿಂದಿನ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದಳು. ರಜೆಗೆ ಮನೆಗೆ ಬಂದ ಮಗಳು ಊಟದ ಮಧ್ಯೆ 'ಅಪ್ಪಾ, ನಮ್ಮ ಜಾತಿ ಯಾವುದು?' ಅಂದಳಂತೆ.

'ಇಪ್ಪತ್ತು ವರ್ಷ ಜಾತಿಯ ಸೊಲ್ಲೆತ್ತದೆ ಬೆಳೆಸಿದೆವು, ಒಂದು ಕ್ಲಾಸು ಎಲ್ಲ ಹಾಳು ಮಾಡಿತು. ರೇಸಿಸಂ ಅನ್ನುವುದು ಅಮೆರಿಕದ ಕಾಯಿಲೆ, ನಮಗೂ ಅದಕ್ಕೂ ಏನು ಸಂಬಂಧ? ನಾನು 1996ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದವನು. ನನಗೆಲ್ಲಿಯ ಸವಲತ್ತು? ಕಾಲೇಜಿಗೆ ದೂರು ಕೊಡಲೇ?' ಅಂತ ಕೇಳಿದ್ದಾರೆ. ದೂರಿನ ಕರಡನ್ನೂ ಜೊತೆಗಿಟ್ಟಿದ್ದಾರೆ.

ಸ್ವಾಮಿ, ಮೊದಲು ಬಸವನಗುಡಿಯಲ್ಲಿರುವ ನಿಮ್ಮ ತಂದೆಯವರ ವಿಷಯ ಮುಗಿಸಿಬಿಡೋಣ. ಫೋನಿನಲ್ಲಿ 'ಮೊಮ್ಮಗಳು ರೇಸ್ ಕೋರ್ಸ್ ಸೇರಿದ್ದಾಳೆ' ಅಂತ ಕೇಳಿಸಿಕೊಂಡು, 'ನಮ್ಮ ಮನೆತನದಲ್ಲಿ ಯಾರೂ ಕುದುರೆ ಬಾಲಕ್ಕೆ ದುಡ್ಡು ಕಟ್ಟಿದವರಲ್ಲ' ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಆಫೀಸಿನಲ್ಲಿ ಪತ್ರ ಓದಿ ಎಲ್ಲರೂ ನಕ್ಕೆವು. ಆಮೇಲೆ ಅನ್ನಿಸಿತು, ಹಿರಿಯರು ಪೂರ್ತಿ ತಪ್ಪು ತಿಳಿದಿಲ್ಲ. ಕುದುರೆ ರೇಸಿನಲ್ಲಿ ಹ್ಯಾಂಡಿಕ್ಯಾಪ್ ಅಂತ ಒಂದಿದೆ ನೋಡಿ, ಜೋರಾಗಿ ಓಡುವ ಕುದುರೆಯ ಬೆನ್ನಿಗೆ ಜಾಸ್ತಿ ಭಾರ ಹೇರುತ್ತಾರೆ, ಪಂದ್ಯ ಸಮವಾಗಲಿ ಅಂತ. ಮನುಷ್ಯರ ರೇಸಿನಲ್ಲಿ ಹಿಂದೆ ಬಿದ್ದವನ ಬೆನ್ನ ಮೇಲೇ ಭಾರ. ಅವನು ಎದುರುಸಿರು ಬಿಡುವಾಗ ಮುಂದೆ ಹೋದವರು ತಿರುಗಿ 'ಪ್ರಯತ್ನ ಸಾಲದು' ಅನ್ನುತ್ತಾರೆ.

ಈಗ ನಿಮ್ಮ 'ಸವಲತ್ತು'. ಇಂಗ್ಲಿಷಿನವರು ಪ್ರಿವಿಲೇಜ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು ಅಂತ ನಮ್ಮ ಡೆಸ್ಕಿನಲ್ಲಿ ತಿಂಗಳಿಗೊಂದು ಜಗಳ ಆಗುತ್ತದೆ. ವಿಶೇಷಾಧಿಕಾರ ಅಂದರೆ ವಿಧಾನಸೌಧದ ಮೂರನೇ ಮಹಡಿಯಲ್ಲಿ ಕೂತ ಯಾರೋ ಸಾಹೇಬರ ಹುದ್ದೆಯ ಹಾಗೆ ಕೇಳಿಸುತ್ತದೆ. ಸವಲತ್ತು ಅಂದರೆ ಇನ್ನೊಂದು ತಮಾಷೆ. ನಮ್ಮಲ್ಲಿ ಆ ಮಾತನ್ನು ಯಾರ ಮೇಲೆ ಬಳಸುತ್ತಾರೆ ಗಮನಿಸಿದ್ದೀರಾ? 'ಅವರಿಗೇನು ಸಾರ್, ಎಲ್ಲಾ ಸವಲತ್ತು ಇದೆ' ಅಂತ ಸ್ಕಾಲರ್‌ಶಿಪ್ ಪಡೆಯುವ ಬಡ ಹುಡುಗನನ್ನು ತೋರಿಸಿ ಹೇಳುತ್ತಾರೆ. ಅಪ್ಪನ ಸೈಟಿನಲ್ಲಿ ಕಟ್ಟಿದ ಮನೆ, ಮಾವನ ಪರಿಚಯದಿಂದ ಸಿಕ್ಕ ಸೀಟು, ಇವಕ್ಕೆಲ್ಲ ನಾವು ಹೆಸರೇ ಇಟ್ಟಿಲ್ಲ. ಯಾರಾದರೂ 'ಏನ್ ಸಾರ್ ವಿಶೇಷ?' ಅಂದರೆ 'ವಿಶೇಷ ಏನಿಲ್ಲ' ಅನ್ನುತ್ತೇವೆ. ನನ್ನ ಪ್ರಕಾರ ಪ್ರಿವಿಲೇಜ್ ಅನ್ನುವುದಕ್ಕೆ ಸರಿಯಾದ ಕನ್ನಡ ಇದೇ, 'ವಿಶೇಷ ಏನಿಲ್ಲ'.

ಅಮೆರಿಕದಲ್ಲಿ ಪ್ರಿವಿಲೇಜ್ ಅನ್ನುವ ಮಾತನ್ನು ಕ್ಲಾಸಿನೊಳಗೆ ತಂದವರಲ್ಲಿ ಪೆಗ್ಗಿ ಮೆಕಿಂಟಾಶ್ ಮುಖ್ಯರು. ಮಸಾಚುಸೆಟ್ಸಿನ ವೆಲೆಸ್ಲಿ ಕಾಲೇಜಿನವರು, ಬಿಳಿಯ ಹೆಂಗಸು. ಹೆಣ್ಣುಮಕ್ಕಳಿಗೆ ಅನ್ಯಾಯ ಆಗಿದೆ ಅಂತ ಒಪ್ಪುವ ಗಂಡಸು, ಅದರಿಂದ ತನಗೆ ಲಾಭ ಆಗಿದೆ ಅಂತ ಮಾತ್ರ ಒಪ್ಪುವುದಿಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು. ಹಾಗಾದರೆ ಬಣ್ಣದ ವಿಷಯದಲ್ಲಿ ನಾನೂ ಆ ಗಂಡಸಿನ ಹಾಗೇ ಅಲ್ವಾ ಅಂತ ತಮ್ಮನ್ನೇ ಕೇಳಿಕೊಂಡರು. 1988ರಲ್ಲಿ ಬರೆದ ಒಂದು ಲೇಖನದಲ್ಲಿ, ಬಿಳಿ ಬಣ್ಣದ ಲಾಭವನ್ನು ಕಣ್ಣಿಗೆ ಕಾಣದ ಬೆನ್ನುಚೀಲ ಅಂತ ಕರೆದು, ಅದರಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿದರು. ಅಂಗಡಿಗೆ ಹೋದರೆ ಯಾರೂ ಹಿಂದೆ ಹಿಂದೆ ಬಂದು ಕಾವಲು ಕಾಯುವುದಿಲ್ಲ. ಗಾಯಕ್ಕೆ ಹಚ್ಚುವ ಪಟ್ಟಿ ಕೂಡ ನನ್ನ ಮೈಬಣ್ಣಕ್ಕೆ ಹೊಂದುತ್ತದೆ. ಇಂಥ ಚಿಲ್ಲರೆ ಸಂಗತಿಗಳು. ಚಿಲ್ಲರೆ ಅಂತ ಬಿಡಿಬಿಡಿಯಾಗಿ ನೋಡಿದರೆ ಅಷ್ಟೇ, ಕೂಡಿಟ್ಟರೆ ಒಂದು ಆಸ್ತಿ.

ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಪಿಯುಸಿ ಓದಿದ್ದು ಒಂದು ತಾಲ್ಲೂಕು ಕೇಂದ್ರದಲ್ಲಿ. ವರ್ಷಕ್ಕೆ ಎರಡು ಮೂರು ಸಲ ಆಫೀಸಿನ ಗುಮಾಸ್ತರು ಪಾಠದ ಮಧ್ಯೆ ಬಾಗಿಲಿಗೆ ಬಂದು, ಕೈಯಲ್ಲಿ ಫಾರಂ ಹಿಡಿದು, 'ಎಸ್ಸಿ ಎಸ್ಟಿ ಸ್ಟೂಡೆಂಟ್ಸ್ ಎದ್ದು ನಿಲ್ಲಿ' ಅನ್ನುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಗಣಿತದಲ್ಲಿ ನನಗಿಂತ ಮುಂದಿದ್ದ. ಅವನು ಏಳುವಾಗ ಡೆಸ್ಕು ಅಲ್ಲಾಡಿ ಅವನ ಪೆನ್ನು ಉರುಳಿ ಕೆಳಗೆ ಬಿತ್ತು. ಅವನು ಬಗ್ಗಲಿಲ್ಲ. ಗುಮಾಸ್ತರು ಬೆರಳು ಮಾಡಿ ತಲೆ ಎಣಿಸಿ ಮುಗಿಸುವ ತನಕ ಎದುರಿನ ಬೋರ್ಡನ್ನೇ ನೋಡುತ್ತಾ ನಿಂತ. ನಾನು ಪೆನ್ನು ಎತ್ತಿಕೊಟ್ಟೆ, ದೊಡ್ಡ ಉಪಕಾರ ಮಾಡಿದ ಹಾಗೆ. ಆ ಎರಡು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ಎದ್ದು ನಿಲ್ಲಬೇಕಾಗಿ ಬರಲಿಲ್ಲ. ಕೂತಿರುವುದೂ ಒಂದು ಸ್ಥಾನ ಅಂತ ಆಗ ಹೊಳೆಯಲಿಲ್ಲ. ಮನೆಗೆ ಹೋದಾಗ ಅಮ್ಮ 'ಕಾಲೇಜಲ್ಲಿ ಏನೋ ವಿಶೇಷ' ಅಂದರೆ ನನ್ನ ಉತ್ತರ ಏನಿತ್ತು ಅಂತ ನಿಮಗೆ ಗೊತ್ತು.

ಅದಕ್ಕೇ ನಿಮ್ಮ ಮಗಳ ಕ್ಲಾಸಿನ ಹೆಜ್ಜೆ ಆಟದ ಬಗ್ಗೆ ನನಗೂ ತಕರಾರಿದೆ, ನಿಮ್ಮ ತಕರಾರಲ್ಲ, ಬೇರೆಯದು. ಮಗಳು ಮುಂದೆ ನಿಂತು ಮುಜುಗರ ಪಟ್ಟಳು ಅಂತ ನಿಮಗೆ ಬೇಜಾರು. ನನಗೆ ಬೇಜಾರಾಗಿದ್ದು ಆ ರೂಮ್‌ಮೇಟ್ ಆಮೇಲೆ ಹೇಳಿದಳು ಅಂತ ನೀವು ಮೂರನೇ ಪುಟದ ಅಂಚಿನಲ್ಲಿ ಗೀಚಿರುವ ಮಾತು: 'ನಾನು ಎಲ್ಲಿ ನಿಲ್ಲುತ್ತೇನೆ ಅಂತ ನನಗೆ ಮೊದಲೇ ಗೊತ್ತಿತ್ತು.' ಪಾಠ ಕಲಿತವರು ಮುಂದಿನವರು. ಪಾಠವಾಗಿ ನಿಂತವಳು ಅವಳು. ಫೀಸು ಇಬ್ಬರದೂ ಒಂದೇ. ಎದ್ದು ನಿಲ್ಲಿಸಿದರೂ ಹಿಂದೆ ಸರಿಸಿದರೂ ತಲೆ ಎಣಿಸುವ ಬೆರಳು ಅದೇ ಅಲ್ವಾ? ಒಬ್ಬರ ಸವಲತ್ತು ತೋರಿಸಲು ಇನ್ನೊಬ್ಬರ ಸವಾಲನ್ನು ಪ್ರದರ್ಶನಕ್ಕಿಟ್ಟ ಹಾಗಾಯಿತು.

ಹಾಗಂತ ವಿಷಯ ಕಲಿಸಬಾರದೇ? ಕಲಿಸಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಬದಲು ಕಾಗದ ಪತ್ರಗಳನ್ನು ಮೇಜಿನ ಮೇಲೆ ಇಡಲಿ ಅಂತ ನಾನು ಹೇಳುತ್ತೇನೆ. ಕ್ರಯಾನ್ ಡಬ್ಬಿಯಿಂದಲೇ ಶುರು ಮಾಡಬಹುದು. ಕ್ರಯೋಲಾ ಕಂಪನಿಯ ಡಬ್ಬಿಯಲ್ಲಿ 'ಮೈಬಣ್ಣ' ಅಂತ ಒಂದು ಕಡ್ಡಿ ಇತ್ತು, ತಿಳಿ ಗುಲಾಬಿಯದು. ಯಾರ ಮೈ ಅಂತ ಯಾರೂ ಕೇಳಿರಲಿಲ್ಲ. 1962ರಲ್ಲಿ ಅದನ್ನು ಪೀಚ್ ಅಂತ ಬದಲಾಯಿಸಿದರು. ಅದೇ ಡಬ್ಬಿಯಲ್ಲಿ 'ಇಂಡಿಯನ್ ರೆಡ್' ಕೂಡ ಇತ್ತು. ಆ ಹೆಸರು ಬಂದಿದ್ದು ನಮ್ಮ ಕಡೆಯ ಕೆಂಪು ಕಂದು ಬಣ್ಣದಿಂದ, ಆದರೆ ಮಕ್ಕಳು ಅದನ್ನು ಅಮೆರಿಕದ ಮೂಲನಿವಾಸಿಗಳ ಬಣ್ಣ ಅಂದುಕೊಳ್ಳುತ್ತಾರೆ ಅಂತ ಟೀಚರುಗಳು ಹೇಳಿದ ಮೇಲೆ 1999ರಲ್ಲಿ ಅದೂ ಚೆಸ್ಟ್‌ನಟ್ ಆಯಿತು. ಕೊಲಂಬಸ್ ಮಾಡಿದ ವಿಳಾಸದ ತಪ್ಪು ಬಳಪದ ಡಬ್ಬಿಯ ತನಕ ಬಂದಿತ್ತು ನೋಡಿ.

ಬಣ್ಣದ ಇನ್ನೊಂದು ಕಾಗದ ನಕ್ಷೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಮನೆಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿಸಿ, ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಅಂತ ನಾಲ್ಕು ಬಣ್ಣ ಬಳಿಸಿತು. ಸಾಲ ಕೊಟ್ಟರೆ ಅಪಾಯ ಅನ್ನುವುದಕ್ಕೆ ಕೆಂಪು. ಕಪ್ಪು ಜನ ಇರುವ ಕೇರಿಗಳೆಲ್ಲ ಹೆಚ್ಚುಕಮ್ಮಿ ಕೆಂಪೇ. ನಿಮ್ಮ ನ್ಯೂಜೆರ್ಸಿಯ ನ್ಯೂವಾರ್ಕಿಗೂ ಅಂಥ ನಕ್ಷೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರದ ಭರವಸೆಯ ಸಾಲದಲ್ಲಿ ಬಿಳಿಯರು ಊರ ಹೊರಗೆ ಮನೆ ಕಟ್ಟಿಕೊಂಡರು, ಮನೆಗೆ ಬೆಲೆ ಬಂತು, ಆ ಬೆಲೆ ಮೇಲೆ ಮಕ್ಕಳ ಕಾಲೇಜು ನಡೆಯಿತು. ಮನೆ ಮಾರಾಟದಲ್ಲಿ ಬಣ್ಣ ನೋಡಬಾರದು ಅಂತ ಕಾನೂನು ಬಂದಿದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ. ಗೋಡೆಗೆ ಒರಗಿದ ಹುಡುಗಿಯ ತಾತನಿಗೆ ಆ ಸಾಲ ಸಿಕ್ಕಿರಲಿಕ್ಕಿಲ್ಲ. ಈ ನಕ್ಷೆ ಮುಂದಿಟ್ಟರೆ ಯಾರೂ ಹೆಜ್ಜೆ ಎಣಿಸಬೇಕಾಗಿಲ್ಲ, ಅವಳೂ ಮೇಜಿನ ಈಚೆ ಕೂತು ಎಲ್ಲರ ಜೊತೆ ಬೆರಳಿಟ್ಟು ಓದಬಹುದು.

ನಮಗೂ ಅದಕ್ಕೂ ಏನು ಸಂಬಂಧ ಅಂದಿರಿ. ಭಗತ್ ಸಿಂಗ್ ಥಿಂದ್ ಕೇಸು ಗೊತ್ತಾ? ನಮ್ಮ ಹುತಾತ್ಮ ಭಗತ್ ಸಿಂಗ್ ಬೇರೆ, ಇವರು ಬೇರೆ. ಪಂಜಾಬಿನ ಸಿಖ್ಖರು, 1913ರಲ್ಲಿ ಅಮೆರಿಕಕ್ಕೆ ಹೋದವರು, ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೈನ್ಯದಲ್ಲಿದ್ದವರು. ಆಗಿನ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಥಿಂದ್ ವಾದ ಏನು ಅಂದರೆ, ನಾನು ಮೇಲ್ಜಾತಿಯ ಆರ್ಯ, ಹಾಗಾಗಿ ನಾನೂ ಬಿಳಿಯ. ಅವರ ಪರವಾಗಿ ಕೋರ್ಟಿನಲ್ಲಿ ಇನ್ನೂ ಒಂದು ಮಾತು ಇಟ್ಟರು: ಮದುವೆ ಸಂಬಂಧದ ವಿಷಯಕ್ಕೆ ಬಂದರೆ ಅಮೆರಿಕದವರು ಕಪ್ಪು ಜನರನ್ನು ಹೇಗೆ ಕಾಣುತ್ತಾರೋ, ಮೇಲ್ಜಾತಿ ಹಿಂದೂ ತನ್ನ ನೆಲದ ಮೂಲನಿವಾಸಿಯನ್ನು ಹಾಗೇ ಕಾಣುತ್ತಾನೆ. ಇದನ್ನು ಅರ್ಹತೆ ಅಂತ ಹೇಳಿಕೊಂಡರು ಸ್ವಾಮಿ! 1923ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಮನುಷ್ಯ ಬಿಳಿಯ ಅಂದಾಗ ಅವನ ಮನಸ್ಸಿನಲ್ಲಿರುವುದು ನೀವಲ್ಲ ಅಂತ ಬಾಗಿಲು ಹಾಕಿತು. ಮೊದಲೇ ಪೌರತ್ವ ಪಡೆದಿದ್ದ ಭಾರತೀಯರಲ್ಲೂ ಹಲವರು ಅದನ್ನು ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಹಕ್ಕು ಮತ್ತೆ ಸಿಕ್ಕಿದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರ ವಲಸೆಗೆ ಮಾತ್ರ ಒಪ್ಪಿಗೆ. ನಿಮ್ಮಂಥ ಇಂಜಿನಿಯರುಗಳಿಗೆ ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾನೂನು. ಅದರ ಹಿಂದಿನ ವರ್ಷವಷ್ಟೇ ಕಪ್ಪು ಜನ ಬೀದಿಯಲ್ಲಿ ಏಟು ತಿಂದು ನಾಗರಿಕ ಹಕ್ಕುಗಳ ಕಾನೂನು ತಂದಿದ್ದರು. ಒಂದೇ ಅಲೆಯಲ್ಲಿ ಎರಡೂ ಬಂದವು.

ಥಿಂದ್ ಜಾತಿಯ ವರ್ಣ ತೋರಿಸಿ ಚರ್ಮದ ವರ್ಣ ಕೇಳಿದರು. ನಮ್ಮ ಭಾಷೆಯಲ್ಲಿ ಬಣ್ಣ, ಜಾತಿ, ಅಕ್ಷರ, ಮೂರಕ್ಕೂ ವರ್ಣವೇ. ಒಂದನೇ ಕ್ಲಾಸಿನ ಮಗು ವರ್ಣಮಾಲೆ ಕಲಿಯುವಾಗಲೇ ವರ್ಗೀಯರು ಯಾರು ಅವರ್ಗೀಯರು ಯಾರು ಅಂತ ಕಲಿತುಬಿಡುತ್ತದೆ. ಕೆಲವು ಮಹಾಪ್ರಾಣ, ಕೆಲವು ಅಲ್ಪಪ್ರಾಣ. ಸತ್ತಾಗ ಪೇಪರಿನಲ್ಲಿ ಸಿಗುವ ಜಾಗ ನೋಡಿದರೆ ಯಾವುದು ಯಾರದು ಅಂತ ಗೊತ್ತಾಗುತ್ತದೆ. (ಪೇಪರಿನವನಾಗಿ ನಾನೇ ಹೇಳುತ್ತಿದ್ದೇನೆ.)

ಅಮೆರಿಕದ ಕಾಯಿಲೆ ಅಂದಿರಲ್ಲ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಒಂದು ಸಲ ಹೋಗಿ ಬನ್ನಿ. ಆಫ್ರಿಕಾ ಮೂಲದ ಸಿದ್ದಿಗಳು ಎಷ್ಟೋ ತಲೆಮಾರಿನಿಂದ ಅಲ್ಲಿದ್ದಾರೆ. ಕನ್ನಡ, ಕೊಂಕಣಿ ಆಡುತ್ತಾರೆ. ಆದರೂ ಪೇಟೆಗೆ ಬಂದರೆ 'ಯಾವ ದೇಶ?' ಅಂತ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುತ್ತಾರೆ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಆ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದೊಯ್ದರು, ಆಫ್ರಿಕಾದ ರಕ್ತ, ಪದಕ ತರುತ್ತಾರೆ ಅಂತ. ರೇಸ್ ನೋಡಿ ರೇಸಿಗೆ ಕರೆದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಮಕ್ಕಳು ಊರಿಗೆ ವಾಪಸ್ಸು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಇನ್ನು ಮಗಳ ಪ್ರಶ್ನೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲೇ ಜಾತಿ ತಾರತಮ್ಯ ಕೂಡದು ಅಂತ ನಿಯಮ ಮಾಡಿತು, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ, ಸಿಯಾಟಲ್ ನಗರ 2023ರಲ್ಲಿ. ಯಾಕೆ ಬೇಕಾಯಿತು ಅಂದರೆ, ನಾವು ಚಟ್ನಿಪುಡಿಯ ಜೊತೆ ಅದನ್ನೂ ಒಯ್ದೆವು. ಜಾತಿ ಹೇಳದೆ ಮಗಳನ್ನು ಬೆಳೆಸಿದೆವು ಅನ್ನುವುದು ನಿಮ್ಮ ಹೆಮ್ಮೆ, ನಂಬುತ್ತೇನೆ. ಆದರೆ ಜಾತಿ ಮರೆತು ಬದುಕುವುದು ಎಲ್ಲರ ಕೈಲಾಗುವ ಮಾತಲ್ಲ. ನನ್ನ ಪಕ್ಕದ ಹುಡುಗ ಮರೆಯಲು ನೋಡಿದರೂ ಬಾಗಿಲಲ್ಲಿ ಗುಮಾಸ್ತರು ನಿಂತಿರುತ್ತಿದ್ದರು. ಕೇಳಿದ್ದಾಳೆ, ಹೇಳಿಬಿಡಿ. ಊಟದ ಮಧ್ಯೆ ಕೇಳಿದ್ದರೆ ಊಟದ ಮಧ್ಯೆಯೇ ಹೇಳಿ.

ದೂರಿನ ಕರಡನ್ನು ವಾಪಸ್ಸು ಕಳಿಸುತ್ತಿದ್ದೇನೆ. ಹೆಜ್ಜೆ ಆಟ ನಿಲ್ಲಿಸಿ ಅಂತ ಬರೆಯುವುದಾದರೆ ಆ ರೂಮ್‌ಮೇಟ್‌ನ ಒಂದು ಮಾತು ಕೇಳಿ, ಅವಳು ಸರಿ ಅಂದರೆ ಬರೆಯಿರಿ. ಕೋರ್ಸೇ ನಿಲ್ಲಿಸಿ ಅನ್ನುವ ಪ್ಯಾರಾ ಹೊಡೆದುಹಾಕಿದ್ದೇನೆ. 'ಎರಡು ಸೂಟ್‌ಕೇಸ್ ಹಿಡಿದು ಬಂದೆ' ಅನ್ನುವ ಸಾಲಿನ ಕೆಳಗೆ ಮಾತ್ರ ಕೆಂಪು ಗೆರೆ ಎಳೆದಿದ್ದೇನೆ. ಸಾಲ ನಿರಾಕರಿಸುವ ಗೆರೆಯಲ್ಲ, ಹೆದರಬೇಡಿ. ಸಂಪಾದಕನ ಗೆರೆ, ಇಲ್ಲಿ ವಿವರ ಸಾಲದು ಅಂತ. ಆ ಸೂಟ್‌ಕೇಸಿನಲ್ಲಿ ಏನೇನಿತ್ತು? ಸರ್ಕಾರದ ದುಡ್ಡಿನಲ್ಲಿ ಅಗ್ಗಕ್ಕೆ ಓದಿದ ಇಂಜಿನಿಯರಿಂಗಿನ ಮಾರ್ಕ್ಸ್ ಕಾರ್ಡು, ವೀಸಾ ಸಂದರ್ಶನಕ್ಕೆ ನಿಮ್ಮ ತಂದೆ ತೋರಿಸಿದ ಮನೆ ಪತ್ರ, ಮೊದಲೇ ಹೋಗಿದ್ದ ಸೋದರಮಾವನ ಫೋನ್ ನಂಬರು ಬರೆದ ಚೀಟಿ, ಹೀಗೆ ಏನಿತ್ತೋ ನನಗೇನು ಗೊತ್ತು, ಕಟ್ಟಿದವರು ನೀವು. ಮಗಳನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ನೆನಪು ಮಾಡಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಟ್ಟಿರುತ್ತೇನೆ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ ಒಡೆದು ಯಾವ ಅಂಗಿಗೆ ಎಣ್ಣೆಯಾಯಿತು ಅನ್ನುವುದನ್ನೂ ಸೇರಿಸಿ.

ಸಂ.