ಗೋಡೆಯೊಳಗಿನ ಡಿಬಿ ಬಾಕ್ಸ್, ಅದರ ಪಕ್ಕದ ನೀರಿನ ಪೈಪ್

ಪ್ರಶ್ನೆ: ನಮ್ಮ ಮನೆಗೆ ಸುಮಾರು ಮೂವತ್ತು ವರ್ಷ. ಫ್ಯೂಸ್‌ಗಳಿರುವ ಕಬ್ಬಿಣದ ಡಿಬಿ ಬಾಕ್ಸ್ (ಮನೆಯ ಸರ್ಕ್ಯೂಟ್‌ಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಗೋಡೆಯೊಳಗೇ ಹುದುಗಿದ್ದು, ಅದೇ ಗೋಡೆಯ ಆಚೆ ಬದಿಯಲ್ಲಿ ಬಚ್ಚಲುಮನೆಯಿದೆ. ಎಂಸಿಬಿಗಳ (ಫ್ಯೂಸ್ ಬದಲು ಬಳಸುವ, ತಾನಾಗಿಯೇ ಆಫ್ ಆಗುವ ಸ್ವಿಚ್‌ಗಳ) ಹೊಸ ಬಾಕ್ಸ್ ಅಗಲವಾಗಿರುವುದರಿಂದ ಬಾಕ್ಸಿನ ಎಡಬಲ ಎರಡೂ ಕಡೆ ಗೋಡೆ ಒಡೆಯಬೇಕೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಪೈಪ್‌ಗಳ ನಕ್ಷೆ ನಮ್ಮಲ್ಲಿಲ್ಲ. ಒಡೆಸಬಹುದೇ?

ಉತ್ತರ: ಪೈಪ್ ಎಲ್ಲಿದೆಯೆಂದು ಖಚಿತವಾಗುವವರೆಗೆ ಒಡೆಸಬೇಡಿ. ಖಚಿತವಾದ ಮೇಲೂ ಒಡೆಸುವ ಅಗತ್ಯವಿದೆಯೇ ಎಂದು ಮತ್ತೊಮ್ಮೆ ಕೇಳಿಕೊಳ್ಳಿ. ಅರ್ಧ ಇಟ್ಟಿಗೆಯ ಗೋಡೆಯಾದರೆ ಗಾರೆ ಬಿಟ್ಟು ಅದರ ದಪ್ಪ 100ರಿಂದ 115 ಮಿಲಿಮೀಟರ್ ಅಷ್ಟೆ. ಅದರಲ್ಲಿ ಬಾಕ್ಸ್ ಕೂತ ಮೇಲೆ ಹಿಂದೆ ಉಳಿಯುವುದು ತೆಳುವಾದ ಒಂದು ಪದರ. ಆಚೆ ಬದಿಯಿಂದ ಪೈಪಿಗಾಗಿ ಕೊರೆದ ಕಾಲುವೆಯೂ ಅಲ್ಲೇ ಹಾದಿದ್ದರೆ ಉಳಿಯ ಒಂದೇ ಪೆಟ್ಟು ಸಾಕು.

ಮೊದಲು ಬಚ್ಚಲುಮನೆಗೆ ಹೋಗಿ, ನಲ್ಲಿ, ಷವರ್ ಮತ್ತು ಗೀಸರ್ ಬಿಂದುಗಳು ಬಾಗಿಲ ಚೌಕಟ್ಟಿನಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಅಳೆದು, ಗೋಡೆಯ ದಪ್ಪವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಆ ಗುರುತುಗಳನ್ನು ಸೀಮೆಸುಣ್ಣದಿಂದ ಈಚೆ ಬದಿಗೆ ಇಳಿಸಿ. ಪೈಪ್‌ಗಳು ಸಾಮಾನ್ಯವಾಗಿ ಈ ಬಿಂದುಗಳಿಂದ ನೇರ ಮೇಲಕ್ಕೋ ಅಡ್ಡಕ್ಕೋ ಹೋಗುತ್ತವೆ. ಆದರೆ ಪೈಪ್ ಉಳಿಸಲು ಓರೆಯಾಗಿ ಎಳೆದವರೂ ಇದ್ದಾರೆ, ಆದ್ದರಿಂದ ಗೆರೆಯನ್ನಷ್ಟೇ ನಂಬಬೇಡಿ. ಬಿಸಿನೀರನ್ನು ಹತ್ತು ಹದಿನೈದು ನಿಮಿಷ ಹರಿಯಬಿಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಬಿಸಿನೀರಿನ ಪೈಪಿನ ದಾರಿ ಗೋಡೆಯ ಮೇಲೆ ಬೆಚ್ಚಗಿನ ಪಟ್ಟಿಯಾಗಿ ಕಾಣಿಸುತ್ತದೆ. ಪೈಪ್ ಮೇಲುಗಡೆಯೇ ಇದ್ದರೆ ಅಂಗೈಗೂ ಗೊತ್ತಾಗುವುದುಂಟು. ಗೋಡೆಯನ್ನು ಶೋಧಿಸುವ ಸ್ಕ್ಯಾನರ್‌ಗಳು ಕಬ್ಬಿಣ, ತಾಮ್ರವನ್ನು ಚೆನ್ನಾಗಿ ಹಿಡಿಯುತ್ತವೆ, ಪ್ಲಾಸ್ಟಿಕ್ಕನ್ನು ಅಷ್ಟಾಗಿ ಹಿಡಿಯುವುದಿಲ್ಲ. ಖಾಲಿ ಪ್ಲಾಸ್ಟಿಕ್ ಪೈಪಂತೂ ಹಲವು ಬಾರಿ ಕಾಣುವುದೇ ಇಲ್ಲ. ಆದ್ದರಿಂದ ಹುಡುಕುವಾಗ ಪೈಪಿನಲ್ಲಿ ನೀರಿರಲಿ, ಒಡೆಯುವಾಗ ಇರದಿರಲಿ: ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ತೆರೆದು ಬರಿದು ಮಾಡಿ.

ಹಳೆಯ ಬಾಕ್ಸ್ ಕೂಡ ಬಹಳಷ್ಟನ್ನು ಹೇಳುತ್ತದೆ. ಮುಚ್ಚಳ ತೆಗೆಸಿದಾಗ ಮೇಲಿನ ಕಾಂಡ್ಯೂಟಿನ (ತಂತಿಗಳನ್ನು ಹಾಯಿಸುವ ಕೊಳವೆಯ) ಬಾಯಿಂದ ಕೆಳಕ್ಕೆ ತುಕ್ಕಿನ ಗೆರೆ ಇಳಿದಿದೆಯೇ, ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಅಂಚಿನ ಗಾರೆಯಲ್ಲಿ ಬಿಳಿ ಉಪ್ಪು ಎದ್ದಿದೆಯೇ ನೋಡಿ. ನೀರು ಸೋರಿದ ಜಾಗದಲ್ಲೇ ಹೊರಬರಬೇಕೆಂದಿಲ್ಲ. ಖಾಲಿ ಕಾಂಡ್ಯೂಟ್ ಸಿಕ್ಕಿತೆಂದರೆ ಅದರೊಳಗೇ ಇಳಿದು ನೇರವಾಗಿ ಬಾಕ್ಸಿಗೆ ಬಂದು ಸೇರುತ್ತದೆ. ಈ ಗುರುತುಗಳಲ್ಲಿ ಒಂದಾದರೂ ಇದ್ದರೆ ಮೊದಲು ಪ್ಲಂಬರನ್ನು ಕರೆಸಿ, ಸೋರಿಕೆ ನಿಂತು ಗೋಡೆ ಒಣಗಿದ ಮೇಲೆಯೇ ಹೊಸ ಬಾಕ್ಸಿನ ಮಾತು.

ಕೆಲಸಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಗಾರೆ ಮೆತ್ತುವ ಮೊದಲು ಇನ್ನೊಮ್ಮೆ ಪೈಪಿನ ಒತ್ತಡವನ್ನು ಗೇಜ್ ಹಾಕಿ ಪರೀಕ್ಷಿಸಿ. ಮೊದಲ ಪರೀಕ್ಷೆಯನ್ನು ಬಿಡುವವರೇ ಹೆಚ್ಚು; ಆಮೇಲೆ ಹಳೆಯ ಸೋರಿಕೆಯ ಅಪವಾದ ಪಾಪ ಎಲೆಕ್ಟ್ರಿಷಿಯನ್ ತಲೆಗೆ ಬರುತ್ತದೆ. ಹಳೆಯ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪಿನ ತಿರುಪಿನ ಜೋಡಣೆಗಳು ಪೆಟ್ಟು ನೇರವಾಗಿ ಬೀಳದಿದ್ದರೂ ಅದುರಿಗೇ ಸಡಿಲಗೊಳ್ಳಬಲ್ಲವು.

ಮೇನ್ ಸ್ವಿಚ್ ಆಫ್ ಮಾಡಿದೊಡನೆ ಬಾಕ್ಸಿನಲ್ಲಿ ಕರೆಂಟ್ ಇಲ್ಲವೆಂದುಕೊಳ್ಳುವುದು ಅಪಾಯಕರ. ಮೀಟರಿನಿಂದ ಸ್ವಿಚ್ಚಿಗೆ ಬರುವ ತಂತಿಯಲ್ಲಿ ವಿದ್ಯುತ್ ಹಾಗೆಯೇ ಇರುತ್ತದೆ; ಅದನ್ನು ಇನ್ನೂ ಹಿಂದಿನಿಂದಲೇ, ಅಧಿಕಾರವುಳ್ಳವರಿಂದ ಕಡಿತಗೊಳಿಸಬೇಕು.

ನನ್ನ ಸಲಹೆ ಇಷ್ಟು: ಹಳೆಯ ಕುಳಿಯನ್ನು ಅಗಲಿಸಬೇಡಿ. ಹೊಸ ಬಾಕ್ಸನ್ನು ನೀರಿನ ಸಂಪರ್ಕವಿಲ್ಲದ ಬೇರೊಂದು ಗೋಡೆಯ ಮೇಲೆ, ಕೊರೆಯದೆ, ಹಾಕಿಸಿ, ಹಳೆಯ ಬಾಕ್ಸ್ ಒಣಗಿದ್ದು ಗಟ್ಟಿಯಾಗಿದ್ದರೆ ಅದನ್ನೇ ತಂತಿ ಜೋಡಿಸುವ ಜಂಕ್ಷನ್ ಬಾಕ್ಸ್ ಆಗಿ ಉಳಿಸಿಕೊಳ್ಳಿ. ಅದರ ಮುಚ್ಚಳ ಯಾವಾಗ ಬೇಕಾದರೂ ಬಿಚ್ಚುವಂತಿರಬೇಕು, ಜೋಡಣೆಗಳ ಮೇಲೆ ಗಾರೆ ಮೆತ್ತಬಾರದು. ಗೋಡೆಯ ಮೇಲೆ ಉಬ್ಬಿಕೊಂಡ ಬಾಕ್ಸ್ ಅಂದವಾಗಿರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಪ್ರಶ್ನೆ: ಹೊಸ ಡಿಬಿಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ವಿದ್ಯುತ್ ಕಡಿಯುವ ಸ್ವಿಚ್) ಹಾಕಿಸಿದಾಗಿನಿಂದ ಬೆಳಗ್ಗೆ ಸ್ನಾನವಾದ ಮೇಲೆ ಅದು ಬೀಳುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ಸಂಬಂಧಪಟ್ಟ ಎಂಸಿಬಿಗಳನ್ನು ಆಫ್ ಮಾಡಿದರೂ ಕೆಲವೊಮ್ಮೆ ನಿಲ್ಲುವುದಿಲ್ಲ. ಸಾಧನದ್ದೇ ದೋಷವೇ?

ಉತ್ತರ: ಬಹುಶಃ ಅಲ್ಲ. ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ ವ್ಯತ್ಯಾಸ ಬಂದಾಗ ಅದು ಬೀಳುತ್ತದೆ; ಮನೆಗಳಲ್ಲಿ ಹಾಕುವ ಸಾಧನಕ್ಕೆ ಆ ಮಿತಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್. ಹಳೆಯ ಫ್ಯೂಸ್ ಇಂಥ ಕರೆಂಟ್ ಸೋರಿಕೆಯನ್ನು ಗಮನಿಸುತ್ತಲೇ ಇರಲಿಲ್ಲ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ಆದ್ದರಿಂದ ಒದ್ದೆ ಗೋಡೆಯಲ್ಲಿ ನ್ಯೂಟ್ರಲ್ ಅರ್ತಿಗೆ ತಗುಲಿದ್ದರೆ ಎಂಸಿಬಿ ಆಫ್ ಆಗಿದ್ದರೂ ಆರ್‌ಸಿಸಿಬಿ ಬೀಳಬಹುದು. ಮೊದಲು ಗೀಸರನ್ನು ಪೂರ್ತಿ ಬೇರ್ಪಡಿಸಿ ನೋಡಿಸಿ. ಆಗಲೂ ಬಿದ್ದರೆ ವಿದ್ಯುತ್ ಕಡಿತಗೊಳಿಸಿ, ಉಪಕರಣಗಳನ್ನೆಲ್ಲ ತೆಗೆಸಿ, ಬಚ್ಚಲುಮನೆಯ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿಸಿ, 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಹೊದಿಕೆಯ ನಿರೋಧ ಅಳೆಯುವ ಸಾಧನ) ತಂತಿಗೂ ಅರ್ತಿಗೂ ನಡುವಿನ ನಿರೋಧವನ್ನು ಅಳೆಯಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ತಂತಿಗಳನ್ನು ಬದಲಿಸಬೇಕು. ಅಲ್ಲಿಯವರೆಗೆ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸದೆ, ಆ ಸರ್ಕ್ಯೂಟನ್ನೇ ಬಿಚ್ಚಿಟ್ಟಿರಿ.