ಗರ್ಭಿಣಿಯ ವಿಮಾನಯಾನ: ವಿಕಿರಣ ಎಲ್ಲಿದೆ, ಎಷ್ಟಿದೆ?

ಪ್ರಶ್ನೆ: ನಾನೀಗ ಮೂರು ತಿಂಗಳ ಗರ್ಭಿಣಿ. ಉದ್ಯೋಗದ ನಿಮಿತ್ತ ತಿಂಗಳಿಗೊಮ್ಮೆ ವಿಮಾನದಲ್ಲಿ ದೂರ ಪ್ರಯಾಣ ಮಾಡುತ್ತೇನೆ; ಹೋಗಲು ಹತ್ತು ಗಂಟೆ, ಬರಲು ಹತ್ತು ಗಂಟೆ. ಗರ್ಭ ನಿಂತ ಮೇಲೆ ಮೂರು ಸಲ ಹೋಗಿ ಬಂದಿದ್ದೇನೆ. ವಿಕಿರಣದ ಭಯದಿಂದ ನಿಲ್ದಾಣದಲ್ಲಿ ಸ್ಕ್ಯಾನರ್ ಬೇಡವೆಂದು ಹೇಳಿ ಕೈತಪಾಸಣೆಯನ್ನೇ ಕೇಳಿಕೊಳ್ಳುತ್ತೇನೆ. ಇಷ್ಟು ಎಚ್ಚರ ಸಾಕೇ?

ಉತ್ತರ: ಎಚ್ಚರ ವಹಿಸಿರುವುದು ಸರಿ, ಆದರೆ ಅದೆಲ್ಲವೂ ಹಾನಿಕರ ವಿಕಿರಣವೇ ಇಲ್ಲದ ಕಡೆ ಖರ್ಚಾಗುತ್ತಿದೆ. ನಡೆದು ದಾಟುವ ಲೋಹಶೋಧಕದ ಚೌಕಟ್ಟು, ಸಿಬ್ಬಂದಿ ಮೈಮೇಲೆ ಆಡಿಸುವ ಕೈಶೋಧಕ ಇವೆರಡೂ ದುರ್ಬಲ ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತವೆ. ಕೈಗಳನ್ನೆತ್ತಿ ಒಳಗೆ ನಿಲ್ಲಬೇಕಾದ ಗೂಡಿನಂಥ ಯಂತ್ರದಲ್ಲಿ ಇಂದು ಸಾಮಾನ್ಯವಾಗಿ ಬಳಕೆಯಾಗುವ ಮಿಲಿಮೀಟರ್ ತರಂಗಗಳು ರೇಡಿಯೊ ತರಂಗಗಳ ಬಳಗಕ್ಕೆ ಸೇರಿದವು. ಬಟ್ಟೆಯನ್ನು ದಾಟಿ ಚರ್ಮದ ಮೇಲ್ಪದರದಲ್ಲೇ ತಡೆದು ಹಿಂದಿರುಗುವ ಇವಕ್ಕೆ, ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತೆಸೆದು ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುವಷ್ಟು ಶಕ್ತಿಯಿಲ್ಲ. ಕ್ಷ-ಕಿರಣದ ದೇಹ ಸ್ಕ್ಯಾನರ್‌ಗಳೂ ಒಂದು ಕಾಲಕ್ಕೆ ಇದ್ದವು. ಐರೋಪ್ಯ ಒಕ್ಕೂಟವು 2011ರಲ್ಲಿ ಅವುಗಳಿಗೆ ಅನುಮತಿ ನಿರಾಕರಿಸಿತು, ಅಮೆರಿಕದ ನಿಲ್ದಾಣಗಳಿಂದ 2013ರಲ್ಲಿ ಅವನ್ನು ತೆಗೆಯಲಾಯಿತು. ಅವುಗಳಿಂದಲೂ ಒಂದು ತಪಾಸಣೆಗೆ ತಗಲುತ್ತಿದ್ದುದು ಸುಮಾರು 0.1 ಮೈಕ್ರೊಸೀವರ್ಟ್ (ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆಮಾನ; ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್, ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೊಸೀವರ್ಟ್); ಅದೇ ಪ್ರಮಾಣವು ಎತ್ತರದಲ್ಲಿ ಹಾರುವ ವಿಮಾನದಲ್ಲಿ ಒಂದೆರಡು ನಿಮಿಷ ಕುಳಿತರೆ ಸಿಗುತ್ತದೆ.

ಲೆಕ್ಕ ಹಾಕಬೇಕಾದದ್ದು ಆ ಎತ್ತರದ ವಿಕಿರಣವನ್ನೇ. ಆಸ್ಟ್ರಿಯಾದ ಭೌತವಿಜ್ಞಾನಿ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಐದು ಕಿಲೋಮೀಟರ್‌ಗೂ ಮೇಲೇರಿ ಅಳೆದಾಗ, ನೆಲದಿಂದ ದೂರವಾದಂತೆ ಇಳಿಯಬೇಕೆಂದು ನಂಬಲಾಗಿದ್ದ ವಿಕಿರಣ ಏರುತ್ತಲೇ ಹೋಯಿತು. ಬಾಹ್ಯಾಕಾಶದಿಂದ ಬರುವ ಈ ವಿಶ್ವಕಿರಣಗಳಿಗೆ ವಾಯುಮಂಡಲವೇ ನಮ್ಮ ಹೊದಿಕೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಅದರ ಬಹುಪಾಲು ನಮ್ಮ ಕೆಳಗೇ ಉಳಿದುಬಿಡುತ್ತದೆ. ಅಲ್ಲಿ ಗಂಟೆಗೆ ಸುಮಾರು 3ರಿಂದ 5 ಮೈಕ್ರೊಸೀವರ್ಟ್ ತಗಲುತ್ತದೆ. ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಧ್ರುವಗಳತ್ತ ತೆಳುವಾಗುವುದರಿಂದ ಅತ್ತ ಹಾಯುವ ಮಾರ್ಗಗಳಲ್ಲಿ ಹೆಚ್ಚು, ಸಮಭಾಜಕದ ಬಳಿ ಕಡಿಮೆ. ಕಿಟಕಿಯ ಪಕ್ಕದ ಆಸನವೋ ನಡುವಿನದೋ, ಹಗಲೋ ರಾತ್ರಿಯೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗದು.

ಗಂಟೆಗೆ 5 ಎಂದೇ ಹಿಡಿದರೆ, ನಿಮ್ಮ ಇಪ್ಪತ್ತು ಗಂಟೆಗಳ ಒಂದು ಹೋಗಿಬರುವಿಕೆಗೆ 100 ಮೈಕ್ರೊಸೀವರ್ಟ್, ಅಂದರೆ 0.1 ಮಿಲಿಸೀವರ್ಟ್ ಆಗುತ್ತದೆ. ಭೂಮಿಯ ಮೇಲೆ ಸುಮ್ಮನೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮ್ಮೆಲ್ಲರಿಗೂ ತಗಲುತ್ತದೆ. ಈಗಾಗಲೇ ಆದ ಮೂರು ಪ್ರಯಾಣಗಳಿಗೆ 0.3, ಇನ್ನೈದು ಮಾಡಿದರೂ ಒಟ್ಟು 0.8. ಉದ್ಯೋಗದಲ್ಲಿ ವಿಕಿರಣಕ್ಕೆ ಒಡ್ಡಿಕೊಳ್ಳುವ ಮಹಿಳೆ ಗರ್ಭಿಣಿಯೆಂದು ತಿಳಿಸಿದ ಮೇಲೆ, ಉಳಿದ ಅವಧಿಯಲ್ಲಿ ಭ್ರೂಣಕ್ಕೆ ತಗಲುವ ಹೆಚ್ಚುವರಿ ಪ್ರಮಾಣ ಸುಮಾರು 1 ಮಿಲಿಸೀವರ್ಟ್ ಮೀರಬಾರದೆಂದು ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ ಹೇಳುತ್ತದೆ. ಇದು ಪ್ರಯಾಣಿಕರಿಗೆ ವಿಧಿಸಿದ ಮಿತಿಯಲ್ಲ. ಆದರೂ ಉದ್ಯೋಗಕ್ಕಾಗಿಯೇ ಹಾರುವ ನಿಮ್ಮಂಥವರು ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ವಿವೇಕವೆಂದೇ ನನ್ನ ಅಭಿಪ್ರಾಯ. ಆ ಗೆರೆ ದಾಟಿದ ಕೂಡಲೇ ಅಪಾಯವೆಂದೂ ಭಾವಿಸಬೇಡಿ: ಭ್ರೂಣದ ಅಂಗರಚನೆಯಲ್ಲಿ ದೋಷ ಹೆಚ್ಚುವುದು ಅದರ ನೂರು ಪಟ್ಟಿಗಿಂತ ಕೆಳಗೆ ಕಂಡುಬಂದಿಲ್ಲ.

ಆದ್ದರಿಂದ ಆಗಿಹೋದ ಪ್ರಯಾಣಗಳಿಗಾಗಿ ಚಿಂತಿಸಬೇಕಿಲ್ಲ, ಸ್ಕ್ಯಾನರ್ ತಪ್ಪಿಸಬೇಕಾಗಿಯೂ ಇಲ್ಲ. ಹಾರಿದ ಗಂಟೆಗಳನ್ನು ಬರೆದಿಡಿ. ತಿಂಗಳಿಗೆ ಒಂದರ ಬದಲು ಎರಡು ಪ್ರಯಾಣ ಮಾಡಬೇಕಾದ ಸಂದರ್ಭ ಬಂದರೆ ಮಾತ್ರ, ಕೆಲವನ್ನು ಸಹೋದ್ಯೋಗಿಗಳಿಗೆ ವಹಿಸುವಂತೆ ಕಚೇರಿಯಲ್ಲಿ ಕೇಳಿ. ನಿಮ್ಮ ವೈದ್ಯರೊಡನೆ ವಿಕಿರಣಕ್ಕಿಂತ ಮೊದಲು ಮಾತಾಡಬೇಕಾದ ವಿಷಯ ಬೇರೊಂದಿದೆ: ಹತ್ತು ಗಂಟೆ ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಗರ್ಭಿಣಿಯರಲ್ಲಿ ಉಳಿದವರಿಗಿಂತ ಹೆಚ್ಚು.